ಯೇಸು ದೇವರಾ, ಮನುಷ್ಯರಾ? ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಸಭೆಯಲ್ಲಿ, ಅಂದರೆ ಚರ್ಚಿನಲ್ಲಿ, ಭಾನುವಾರದ ಮಕ್ಕಳ ಪಾಠ ತೆಗೆದುಕೊಳ್ಳಲು ಶುರು ಮಾಡಿ ಹನ್ನೊಂದು ವರ್ಷ ಆಯಿತು. ದಾವೀದ ಗೊಲ್ಯಾತನ ಹಣೆಗೆ ಕವಣೆ ಕಲ್ಲು ಬೀಸಿದ ಕಥೆ ಹೇಳುವಾಗ ಯಾರೂ ಅಡ್ಡ ಪ್ರಶ್ನೆ ಹಾಕುವುದಿಲ್ಲ. "ಯೇಸು ದೇವರು" ಅಂದ ಕೂಡಲೇ ನಾಲ್ಕು ಕೈ ಮೇಲೇಳುತ್ತವೆ. ಆಫೀಸಿನಲ್ಲೂ ಅಷ್ಟೇ. ಕ್ರಿಸ್‌ಮಸ್ ಕೇಕು ಹಂಚುವಾಗ ಯಾರಾದರೂ ಒಬ್ಬರು ತಟ್ಟೆ ಹಿಡಿದುಕೊಂಡೇ ಕೇಳುತ್ತಾರೆ: "ಅಲ್ಲಾ ಸಾರ್, ನಿಮ್ಮ ಯೇಸು ದೇವರಾ, ದೇವರ ಮಗನಾ? ಎರಡೂ ಹೇಗೆ ಆಗುತ್ತೆ?" ಕೇಕು ಮುಗಿದರೂ ಉತ್ತರ ಮುಗಿಯುವುದಿಲ್ಲ. ಅದಕ್ಕೇ ಇಲ್ಲಿ ಬರೆದಿಟ್ಟಿದ್ದೇನೆ. ನಾನು ನಂಬುವವನು, ಅದನ್ನು ಮುಚ್ಚಿಡುವುದಿಲ್ಲ. ಹಾಗಂತ ಎದುರಿನವರ ವಾದವನ್ನು ತೆಳ್ಳಗೆ ಮಾಡಿ ಗೆದ್ದುಬಿಡುವ ಆಸೆಯೂ ಇಲ್ಲ.

ಸುತ್ತು ಬಳಸದೆ ಹೇಳಿ. ಕ್ರೈಸ್ತರು ಯೇಸುವನ್ನು ಏನೆಂದು ನಂಬುತ್ತಾರೆ?

ಪೂರ್ತಿ ದೇವರು, ಪೂರ್ತಿ ಮನುಷ್ಯ, ಆದರೆ ಇರುವುದು ಒಬ್ಬರೇ. ಹಾಲಿಗೆ ನೀರು ಬೆರೆಸಿದ ಹಾಗೆ ಅರ್ಧ ಇದು ಅರ್ಧ ಅದು ಅಂತಲ್ಲ. ದೇವರು ಮನುಷ್ಯನ ವೇಷ ಹಾಕಿದ್ದು ಅಂತಲೂ ಅಲ್ಲ. ಒಳ್ಳೆಯ ಮನುಷ್ಯನೊಬ್ಬನಿಗೆ ದೇವರು ಬಡ್ತಿ ಕೊಟ್ಟರು ಅಂತಲೂ ಅಲ್ಲ. ಈ ಮೂರನ್ನೂ ಹೇಳಿ ನೋಡಿದವರು ಹಿಂದೆ ಇದ್ದರು. ಸಭೆ ಒಂದೊಂದನ್ನೇ ಕೇಳಿ, ತೂಗಿ, ಬೇಡ ಅಂದಿತು. ಮುಂದಿನ ಉತ್ತರಗಳಲ್ಲಿ ಬಹುಪಾಲು ಆ "ಬೇಡ"ಗಳ ಕಥೆಯೇ.

ಯೇಸು ದೇವರಾದರೆ ಗೆತ್ಸೇಮನೆ ತೋಟದಲ್ಲಿ ಯಾರಿಗೆ ಪ್ರಾರ್ಥನೆ ಮಾಡಿದರು? ತಮಗೆ ತಾವೇನಾ?

ಇದನ್ನು ನನಗೆ ಮೊದಲು ಕೇಳಿದ್ದು ಒಂಬತ್ತು ವರ್ಷದ ಹುಡುಗಿ. ಆವತ್ತು ನಾನು ಏನೋ ಹೇಳಿ ಜಾರಿಕೊಂಡೆ. ಅವಳು ಪೆನ್ಸಿಲ್ ಕಚ್ಚುತ್ತಾ ನನ್ನನ್ನೇ ನೋಡುತ್ತಿದ್ದಳು. ನಾನು ಜಾರಿಕೊಂಡಿದ್ದು ಅವಳಿಗೆ ಗೊತ್ತಾಗಿತ್ತು.

ಉತ್ತರ ಇದು. ತಂದೆಯೇ ಮಗ ಅಂತ ಕ್ರೈಸ್ತರು ಹೇಳುವುದಿಲ್ಲ. ತಂದೆ ಬೇರೆ, ಮಗ ಬೇರೆ, ಪವಿತ್ರಾತ್ಮ ಬೇರೆ. ಆದರೆ ಮೂರು ದೇವರುಗಳಿಲ್ಲ. ದೈವತ್ವ ಒಂದೇ, ಆ ಒಂದರಲ್ಲೇ ಮೂವರು. ಇದನ್ನೇ ತ್ರಿತ್ವ ಅನ್ನುತ್ತಾರೆ. ಹಾಗಾಗಿ ಮಗ ತಂದೆಯ ಜೊತೆ ಮಾತಾಡುವುದರಲ್ಲಿ ವಿಚಿತ್ರ ಏನಿಲ್ಲ. ಬೈಬಲಿನಲ್ಲಿ ಯೇಸುವಿನ ಬದುಕು ಹೇಳುವ ನಾಲ್ಕು ಸುವಾರ್ತೆಗಳಿವೆ: ಮತ್ತಾಯ, ಮಾರ್ಕ, ಲೂಕ, ಯೋಹಾನ. ಯೋಹಾನನ ಸುವಾರ್ತೆಯ ಮೊದಲ ಸಾಲಿನಲ್ಲೇ ಈ ಎರಡೂ ಎಳೆ ಇವೆ (ಅಲ್ಲಿ "ವಾಕ್ಯ" ಅಂದರೆ ಮಗ): ವಾಕ್ಯವು ದೇವರ ಬಳಿ ಇತ್ತು, ವಾಕ್ಯವು ದೇವರಾಗಿತ್ತು. "ಬಳಿ" ಅನ್ನಬೇಕಾದರೆ ಇಬ್ಬರು ಬೇಕು. "ಆಗಿತ್ತು" ಅನ್ನುವಲ್ಲಿ ಇಬ್ಬರ ದೈವತ್ವ ಒಂದೇ ಆಯಿತು.

ಇನ್ನೊಂದು ವಿಷಯ. ಯೇಸು ನಿಜವಾಗಿ ಮನುಷ್ಯ ಆದ್ದರಿಂದ ನಿಜವಾಗಿ ಪ್ರಾರ್ಥಿಸಿದರು. ಸಾವಿನ ಹಿಂದಿನ ರಾತ್ರಿ ಹೆದರದ, ಬೆವರದ ಮನುಷ್ಯ ಎಂಥ ಮನುಷ್ಯ?

"ದೇವರ ಮಗ" ಅಂದರೆ ದೇವರಿಗೆ ಹೆಂಡತಿ ಇದ್ದಳಾ?

ಇಲ್ಲ. ಮುಖ್ಯವಾಹಿನಿಯ ಯಾವ ಕ್ರೈಸ್ತ ಸಭೆಯೂ ಹಾಗೆ ಹೇಳುವುದಿಲ್ಲ.

ಮಗ ಅನ್ನುವ ಮಾತನ್ನು ಇಲ್ಲಿ ಯಾಕೆ ಬಳಸಿದರು ಅನ್ನುವುದಕ್ಕೆ 4ನೇ ಶತಮಾನದ ಅಥನಾಸಿಯಸ್ ಒಳ್ಳೆಯ ವಿವರಣೆ ಕೊಟ್ಟಿದ್ದಾರೆ. ಈಜಿಪ್ಟಿನ ಅಲೆಕ್ಸಾಂಡ್ರಿಯದ ಬಿಷಪ್ ಅವರು. ಒಬ್ಬ ಮನುಷ್ಯ ಮನೆ ಕಟ್ಟುತ್ತಾನೆ, ಮಗನನ್ನು ಪಡೆಯುತ್ತಾನೆ. ಮನೆ ಅವನ ಕೈಕೆಲಸ. ಕಲ್ಲು, ಮರ, ಗಾರೆ. ಅದು ಅವನ ಜಾತಿಯದ್ದಲ್ಲ. ಮಗ ಹಾಗಲ್ಲ. ಅಪ್ಪ ಏನೋ ಮಗನೂ ಅದೇ. ವಿಶ್ವಾಸ ಪ್ರಮಾಣದಲ್ಲಿ (ಚರ್ಚಿನಲ್ಲಿ ಎಲ್ಲರೂ ಸೇರಿ ಹೇಳುವ ನಂಬಿಕೆಯ ಸಾರ) ಮಗನು ಹುಟ್ಟಿದವನು, ಸೃಷ್ಟಿಯಾದವನಲ್ಲ ಅನ್ನುವುದರ ಅರ್ಥ ಇಷ್ಟೇ. ಜಗತ್ತು ದೇವರ ಕೈಕೆಲಸ, ಮಗ ದೇವರ ಕೈಕೆಲಸವಲ್ಲ.

ಮನುಷ್ಯರಲ್ಲಿ ಅಪ್ಪ ಮೊದಲು, ಮಗ ಆಮೇಲೆ, ಅಲ್ವಾ? ಹೋಲಿಕೆ ಅಲ್ಲಿ ನಿಲ್ಲುತ್ತದೆ. ಅದಕ್ಕೇ ಆ ಪ್ರಮಾಣ ಪಕ್ಕದಲ್ಲೇ ಇನ್ನೊಂದು ಹೋಲಿಕೆ ಇಟ್ಟಿದೆ: ಬೆಳಕಿನಿಂದ ಬೆಳಕು. ದೀಪ ಹೊತ್ತಿದ ಗಳಿಗೆಯಲ್ಲೇ ಅದರ ಬೆಳಕೂ ಇರುತ್ತದೆ. ಬೆಳಕಿಲ್ಲದ ದೀಪ ಮೊದಲು ಉರಿದು, ಆಮೇಲೆ ಬೆಳಕು ಬಂತು ಅಂತ ಯಾರೂ ಹೇಳುವುದಿಲ್ಲ.

ಯೇಸು ತಾವೇ ಎಲ್ಲಾದರೂ "ನಾನು ದೇವರು" ಅಂದಿದ್ದಾರಾ?

ಈ ಎರಡೇ ಪದಗಳಲ್ಲಿ ಕೇಳಿದರೆ, ಇಲ್ಲ. ಅವರ ಸುತ್ತ ಇದ್ದವರು ಯೆಹೂದ್ಯರು. ಬೆಳಿಗ್ಗೆ ಸಂಜೆ "ನಮ್ಮ ದೇವರಾದ ಯೆಹೋವನು ಒಬ್ಬನೇ" ಅಂತ ಹೇಳಿಕೊಳ್ಳುವ ಜನ. ಆ ಜನರ ನಡುವೆ ಯಾರಾದರೂ ಸುಮ್ನೆ "ನಾನು ದೇವರು" ಅಂದಿದ್ದರೆ, ತಂದೆಯೇ ನಾನು ಅಂತ ಹೇಳಿದ ಹಾಗೆ ಕೇಳಿಸುತ್ತಿತ್ತು. ಯೇಸು ಹೇಳಿದ್ದು ಅದಲ್ಲ.

ಮಾತಿಗಿಂತ ನಡೆ ನೋಡಿ. ಮಾರ್ಕ 2ನೇ ಅಧ್ಯಾಯ. ಕಪೆರ್ನೌಮಿನ ಮನೆ, ಬಾಗಿಲಿನವರೆಗೆ ಜನ. ನಾಲ್ವರು ಒಬ್ಬ ಪಾರ್ಶ್ವವಾಯು ರೋಗಿಯನ್ನು ಹೊತ್ತು ಮಾಳಿಗೆ ಹತ್ತಿ, ಚಾವಣಿ ಬಿಚ್ಚಿ, ಹಾಸಿಗೆ ಸಮೇತ ಕೆಳಗಿಳಿಸುತ್ತಾರೆ. ಎಲ್ಲರೂ ಕಾಯುತ್ತಿರುವುದು ಅವನು ಎದ್ದು ನಡೆಯಲಿ ಅಂತ. ಯೇಸು ಮೊದಲು ಹೇಳುವುದು ನಿನ್ನ ಪಾಪಗಳು ಕ್ಷಮಿಸಲ್ಪಟ್ಟಿವೆ ಅಂತ. ಅಲ್ಲಿ ಕೂತಿದ್ದ ಶಾಸ್ತ್ರಿಗಳು ಒಳಗೊಳಗೇ ಉರಿಯುತ್ತಾರೆ. ಪಾಪ ಕ್ಷಮಿಸಲು ದೇವರೊಬ್ಬನೇ ಅಲ್ಲದೆ ಇನ್ಯಾರಿಂದ ಆಗುತ್ತದೆ? ಅವರ ಪ್ರಶ್ನೆ ಸರಿಯಾದದ್ದೇ. ನನ್ನ ಮೇಲೆ ನೀವು ಕೂಗಾಡಿದರೆ ಕ್ಷಮಿಸಬೇಕಾದವನು ನಾನು. ಮೂರನೆಯವರು ಬಂದು "ಹೋಗಲಿ ಬಿಡಿ, ನಾನು ಕ್ಷಮಿಸಿದ್ದೇನೆ" ಅಂದರೆ, "ನೀವ್ಯಾರ್ರೀ?" ಅಂತ ಇಬ್ಬರೂ ಕೇಳುತ್ತೇವೆ. ಎಲ್ಲ ತಪ್ಪೂ ಕೊನೆಗೆ ತನಗೇ ಮಾಡಿದ ತಪ್ಪು ಅನ್ನುವವರು ಮಾತ್ರ ಹಾಗೆ ಮಾತಾಡಬಹುದು.

ಯೋಹಾನ 8:58 ಇದಕ್ಕಿಂತ ನೇರ. ಯೆಹೂದ್ಯರ ಮೂಲಪುರುಷ ಅಬ್ರಹಾಮನು ಹುಟ್ಟುವುದಕ್ಕಿಂತ ಮೊದಲೇ ನಾನಿದ್ದೇನೆ ಅನ್ನುತ್ತಾರೆ. "ಇದ್ದೆ" ಅಲ್ಲ, "ಇದ್ದೇನೆ". ಮೋಶೆಗೆ ಉರಿಯುವ ಪೊದೆಯಲ್ಲಿ ದೇವರು ಹೇಳಿಕೊಂಡ "ಇರುವಾತನು" ಅನ್ನುವ ಹೆಸರಿನ ಪ್ರತಿಧ್ವನಿ ಅದು. ಕೇಳಿದವರು ಮರುಮಾತಾಡದೆ ಕಲ್ಲು ಎತ್ತಿಕೊಂಡರು.

ಕೊನೆಗೆ ತೋಮ. ಗಾಯ ನೋಡದೆ ನಂಬಲ್ಲ ಅಂತ ಹಟ ಹಿಡಿದಿದ್ದ ಶಿಷ್ಯ. ಸತ್ತು ಎದ್ದು ಬಂದ ಯೇಸು ಎದುರಿಗೆ ನಿಂತಾಗ ಅವನ ಬಾಯಿಂದ ಬಂದದ್ದು "ನನ್ನ ಕರ್ತನೇ, ನನ್ನ ದೇವರೇ." ಯೇಸು ಅವನನ್ನು ತಿದ್ದಲಿಲ್ಲ. ಮುಂದೆ ಲುಸ್ತ್ರ ಅನ್ನುವ ಊರಿನ ಜನ, ಯೇಸುವಿನ ಸುದ್ದಿ ಸಾರುತ್ತಿದ್ದ ಪೌಲ ಬಾರ್ನಬರನ್ನು ದೇವತೆಗಳು ಅಂದುಕೊಂಡು ಹೋರಿ, ಹೂಮಾಲೆ ತಂದಾಗ ಅವರಿಬ್ಬರೂ ಬಟ್ಟೆ ಹರಿದುಕೊಂಡು ಬೇಡ ಬೇಡ ಅಂದರು.

ಹಾಗಾದರೆ "ತಂದೆ ನನಗಿಂತ ದೊಡ್ಡವನು" ಅಂತ ಅವರೇ ಯಾಕೆ ಹೇಳಿದರು?

ಹೇಳಿದ್ದಾರೆ. ಯೋಹಾನ 14:28. ಅಷ್ಟೇ ಅಲ್ಲ, ಕೊನೆಯ ದಿನ ಯಾವಾಗ ಅಂತ ಮಗನಿಗೂ ಗೊತ್ತಿಲ್ಲ ಅಂದಿದ್ದಾರೆ (ಮಾರ್ಕ 13:32). "ಒಳ್ಳೆಯ ಬೋಧಕನೇ" ಅಂದವನಿಗೆ, ನನ್ನನ್ನು ಒಳ್ಳೆಯವನೆಂದು ಯಾಕೆ ಕರೆಯುತ್ತೀ, ದೇವರೊಬ್ಬನೇ ಒಳ್ಳೆಯವನು ಅಂದಿದ್ದಾರೆ (ಮಾರ್ಕ 10:18). ಈ ವಾಕ್ಯಗಳನ್ನು ಮುಚ್ಚಿಟ್ಟು ಪಾಠ ಮಾಡುವ ಶಿಕ್ಷಕರನ್ನು ಕಂಡರೆ ನನಗೆ ಆಗುವುದಿಲ್ಲ. ಮಕ್ಕಳು ದೊಡ್ಡವರಾಗಿ ಮೊಬೈಲಿನಲ್ಲಿ ಯಾವುದೋ ವಿಡಿಯೋ ನೋಡಿ ಇದನ್ನು ಮೊದಲ ಸಲ ಕೇಳುತ್ತಾರೆ. ನಮ್ಮವರು ಇದನ್ನು ಮುಚ್ಚಿಟ್ಟಿದ್ದರು ಅಂತಲೇ ಅಂದುಕೊಳ್ಳುತ್ತಾರೆ.

ಸಭೆಯ ಉತ್ತರ ಬೈಬಲಿನಲ್ಲಿರುವ ಪೌಲನ ಫಿಲಿಪ್ಪಿ ಪತ್ರದ 2ನೇ ಅಧ್ಯಾಯದ ಮೇಲೆ ನಿಂತಿದೆ. ದೇವರ ಸ್ವರೂಪದಲ್ಲಿದ್ದವನು ತನ್ನನ್ನು ಬರಿದು ಮಾಡಿಕೊಂಡು ದಾಸನ ರೂಪ ತೆಗೆದುಕೊಂಡ ಅನ್ನುತ್ತದೆ ಅದು. ಮನುಷ್ಯನಾಗಿ ಬಂದವನು ಮನುಷ್ಯನಾಗಿ ಬದುಕಿದ: ಹೆತ್ತವರ ಮಾತು ಕೇಳಿದ, ಕಲಿತ, ತಂದೆಗೆ ವಿಧೇಯನಾದ. ಆ ಸ್ಥಾನದಲ್ಲಿ ನಿಂತು ತಂದೆ ದೊಡ್ಡವನು ಅಂದಿದ್ದು ಸತ್ಯವೇ. ಹಳೆಯ ಬರಹಗಾರರು ಕೆಲವರು ಇದನ್ನು ಬೇರೆ ರೀತಿ ಬಿಡಿಸಿದರು: ಮಗ ತಂದೆಯಿಂದ ಬಂದವನಾದ್ದರಿಂದ ತಂದೆ ಮೂಲ, ಆ ಲೆಕ್ಕದಲ್ಲಿ ದೊಡ್ಡವನು, ಸ್ವಭಾವದಲ್ಲಿ ಮಾತ್ರ ಸಮ. ಮಾರ್ಕ 10:18ರಲ್ಲಿ ಯೇಸು ಆ ಹೊಗಳಿಕೆಯನ್ನು ತಳ್ಳಿಹಾಕಲಿಲ್ಲ, ಅವನ ಮುಂದೆ ಪ್ರಶ್ನೆ ಇಟ್ಟರು ಅಂತ ನಾನು ಓದುತ್ತೇನೆ.

13:32 ನನಗೆ ಈಗಲೂ ಕಷ್ಟದ ವಾಕ್ಯ. ಆದರೆ ಯೇಸುವನ್ನು ದೇವರು ಅನ್ನಲು ಹೊರಟವರು ಕಥೆ ಕಟ್ಟಿದ್ದರೆ ಈ ವಾಕ್ಯವನ್ನು ಮೊದಲು ತೆಗೆದುಹಾಕುತ್ತಿದ್ದರು. ಅವರು ಉಳಿಸಿದ್ದಾರೆ.

ಕಾನ್‌ಸ್ಟಂಟೈನ್ ಚಕ್ರವರ್ತಿ 325ರಲ್ಲಿ ವೋಟು ಹಾಕಿಸಿ ಯೇಸುವನ್ನು ದೇವರು ಮಾಡಿದ ಅಂತಾರಲ್ಲ?

ಕೇಕಿನ ತಟ್ಟೆಯವರು ಅತಿ ಜಾಸ್ತಿ ಕೇಳುವ ಪ್ರಶ್ನೆ ಇದೇ. ಕಥೆ ಚೆನ್ನಾಗಿದೆ: ರಾಜಕೀಯ ಇದೆ, ಒಳಸಂಚು ಇದೆ. ತೊಂದರೆ ಅಂದರೆ ಇಸವಿಗಳು ಕೂಡಿ ಬರುವುದಿಲ್ಲ.

ಈ ರೋಮನ್ ಚಕ್ರವರ್ತಿ 325ರಲ್ಲಿ ಕರೆದ ಬಿಷಪರ ಸಮ್ಮೇಳನ ನಡೆದದ್ದು ನೈಸಿಯಾ ಅನ್ನುವ ಊರಿನಲ್ಲಿ. ಈಗ ಅದು ಟರ್ಕಿಯ ಇಜ್ನಿಕ್, ಒಂದು ಸರೋವರದ ದಡ. ರೋಮನ್ನರ ಕಾಲದಲ್ಲಿ ಅದು ಬಿಥೀನಿಯ ಪ್ರಾಂತ್ಯಕ್ಕೆ ಸೇರಿತ್ತು. ಸಮ್ಮೇಳನಕ್ಕೆ ಇನ್ನೂರಕ್ಕೂ ಜಾಸ್ತಿ ವರ್ಷ ಮೊದಲು, ಸುಮಾರು 112ರಲ್ಲಿ, ಅದೇ ಪ್ರಾಂತ್ಯಕ್ಕೆ ಪ್ಲಿನಿ ಅನ್ನುವವನು ಅಧಿಪತಿಯಾಗಿದ್ದ. ನೈಸಿಯಾದ ನಾಟಕಶಾಲೆ ದುಡ್ಡು ನುಂಗಿ ಅರ್ಧಕ್ಕೇ ನಿಂತಿದೆ, ಗೋಡೆ ಬಿರುಕು ಬಿಟ್ಟಿದೆ ಅಂತ ಚಕ್ರವರ್ತಿ ಟ್ರಾಜನನಿಗೆ ಪತ್ರ ಬರೆದವನೇ ಇವನು. ಇನ್ನೊಂದು ಪತ್ರದಲ್ಲಿ ಕ್ರೈಸ್ತರನ್ನು ಹಿಡಿದು ವಿಚಾರಣೆ ಮಾಡಿದ್ದನ್ನು ಬರೆಯುತ್ತಾನೆ. ಅವರ ತಪ್ಪು ಏನಂತೆ? ಗೊತ್ತಾದ ಒಂದು ದಿನ, ಬೆಳಕು ಹರಿಯುವ ಮುಂಚೆ ಸೇರುತ್ತಾರೆ. ದೇವರಿಗೆ ಹಾಡುವ ಹಾಗೆ ಕ್ರಿಸ್ತನಿಗೆ ಹಾಡುತ್ತಾರೆ. ಪ್ಲಿನಿ ಕ್ರೈಸ್ತನಲ್ಲ. ಅವನಿಗೆ ಅವರ ಮೇಲೆ ಪ್ರೀತಿಯೂ ಇಲ್ಲ. ವಿಚಾರಣೆಯಲ್ಲಿ ಕೇಳಿದ್ದನ್ನು ಬರೆದಿದ್ದಾನೆ. ನೈಸಿಯಾದ ಬಿಷಪರು ಸೇರುವುದಕ್ಕೆ ಎಷ್ಟೋ ಮೊದಲೇ ಅದೇ ಸೀಮೆಯ ಜನ ಕತ್ತಲಲ್ಲಿ ಎದ್ದು ಆ ಹಾಡು ಹಾಡುತ್ತಿದ್ದರು.

ಇಸ್ರೇಲಿನ ಮೆಗಿದ್ದೋದಲ್ಲಿ ಒಂದು ಜೈಲಿದೆ. 2005ರಲ್ಲಿ ಅದರ ಆವರಣದಲ್ಲಿ ಅಗೆದಾಗ ಕ್ರೈಸ್ತರು ಸೇರುತ್ತಿದ್ದ ಕೋಣೆಯ ನೆಲ ಸಿಕ್ಕಿತು. ಬಣ್ಣದ ಚಿಕ್ಕ ಕಲ್ಲುಗಳನ್ನು ಜೋಡಿಸಿ ಮಾಡಿದ ಮೊಸಾಯಿಕ್ ನೆಲ, ಮೀನಿನ ಚಿತ್ರ. ಅದರಲ್ಲಿ ಗ್ರೀಕ್ ಅಕ್ಷರಗಳಲ್ಲಿ ಬರೆದಿದೆ: ದೈವಭಕ್ತೆ ಅಕೆಪ್ಟೂಸ್ ಈ ಮೇಜನ್ನು ದೇವರಾದ ಯೇಸು ಕ್ರಿಸ್ತನಿಗೆ ನೆನಪಿಗಾಗಿ ಕೊಟ್ಟಿದ್ದಾಳೆ. ಸುಮಾರು 230ರದ್ದು ಅಂತ ಅಗೆದವರ ಅಂದಾಜು. ನಮ್ಮೂರ ದೇವಸ್ಥಾನದ ಟ್ಯೂಬ್‌ಲೈಟಿನ ಮೇಲೆ, ಚರ್ಚಿನ ಬೆಂಚಿನ ಮೇಲೆ ದಾನಿಗಳ ಹೆಸರು ಬರೆಸುತ್ತೇವಲ್ಲ, ಅದೇ ತರಹ. ದೇವತಾಶಾಸ್ತ್ರದ ವಾದ ಅಲ್ಲ ಅದು, ಒಬ್ಬ ಹೆಂಗಸು ಮೇಜು ಕೊಟ್ಟ ಲೆಕ್ಕ.

ರೋಮಿನ ಪ್ಯಾಲಟೈನ್ ಗುಡ್ಡದಲ್ಲಿ ಗೋಡೆಯ ಗಾರೆಯ ಮೇಲೆ ಗೀಚಿದ ಒಂದು ಕುಚೋದ್ಯದ ಚಿತ್ರವೂ ಇದೆ, ಸುಮಾರು 200ರ ಹೊತ್ತಿನದು. ಶಿಲುಬೆಯ ಮೇಲೆ ಕತ್ತೆ ತಲೆಯ ಮನುಷ್ಯ, ಕೆಳಗೆ ಕೈ ಎತ್ತಿ ನಿಂತ ಒಬ್ಬ. "ಅಲೆಕ್ಸಾಮೆನೋಸ್ ತನ್ನ ದೇವರನ್ನು ಪೂಜಿಸುತ್ತಿದ್ದಾನೆ" ಅಂತ ಬರಹ. ಯಾರೋ ಗೆಳೆಯನನ್ನು ಗೇಲಿ ಮಾಡಿದ್ದು. ಗೇಲಿ ಮಾಡುವವನಿಗೂ ಗೊತ್ತಿತ್ತು, ಇವರು ಶಿಲುಬೆಗೆ ಹೋದವನನ್ನೇ ದೇವರು ಅನ್ನುತ್ತಾರೆ ಅಂತ.

ಇನ್ನೂ ಹಿಂದಕ್ಕೆ ಹೋಗಿ. ಪೌಲನ ಪತ್ರಗಳು 50ರ ದಶಕದವು. ಒಬ್ಬನೇ ದೇವರು ಅನ್ನುವ ಯೆಹೂದ್ಯರ ಆ ದಿನನಿತ್ಯದ ಮಾತನ್ನೇ ಹಿಡಿದು, 1 ಕೊರಿಂಥ 8:6ರಲ್ಲಿ ಪೌಲ ಅದರೊಳಗೆ ಯೇಸುವನ್ನು ಕೂರಿಸಿಬಿಡುತ್ತಾನೆ: ಒಬ್ಬನೇ ದೇವರು, ತಂದೆ, ಒಬ್ಬನೇ ಕರ್ತ, ಯೇಸು ಕ್ರಿಸ್ತ. "ಕರ್ತ" ಅನ್ನುವುದು ಗ್ರೀಕ್ ಭಾಷೆಯ ಹಳೆಯ ಒಡಂಬಡಿಕೆಯಲ್ಲಿ ಯೆಹೋವನ ಹೆಸರಿನ ಜಾಗದಲ್ಲಿ ಬಳಸುವ ಪದ. ಅದೇ ಪತ್ರದ ಕೊನೆಯಲ್ಲಿ "ಮಾರನಾಥ" ಅಂತ ಬರೆಯುತ್ತಾನೆ. ನಮ್ಮ ಕರ್ತನೇ, ಬಾ ಅಂತ ಅರ್ಥ. ಗ್ರೀಕ್ ಮಾತಾಡುವ ಊರಿಗೆ ಬರೆದ ಪತ್ರದಲ್ಲಿ ಅರಮಾಯಿಕ್ ಪದ! ಅಂದರೆ ಅದು ಯೇಸುವಿನ ಸ್ವಂತ ನಾಡಿನ, ಮೊದಮೊದಲ ಶಿಷ್ಯರ ಪ್ರಾರ್ಥನೆ.

ಹಾಗಾದರೆ ನೈಸಿಯಾದಲ್ಲಿ ಆದದ್ದಾದರೂ ಏನು?

ಯೇಸುವನ್ನು ಪೂಜಿಸಬೇಕೋ ಬೇಡವೋ ಅನ್ನುವುದು ಜಗಳವೇ ಆಗಿರಲಿಲ್ಲ. ಎರಡೂ ಕಡೆಯವರು ಪೂಜಿಸುತ್ತಿದ್ದರು. ಪೂಜೆ ಪಡೆಯುತ್ತಿರುವವರು ಯಾರು ಅನ್ನುವುದಕ್ಕೆ ಮಾತು ಹುಡುಕಬೇಕಿತ್ತು.

ಆರಿಯಸ್ ಅಲೆಕ್ಸಾಂಡ್ರಿಯದ ಪಾದ್ರಿ. ದುಷ್ಟ ಮನುಷ್ಯ ಅಂತ ನಮ್ಮ ಹಳೆಯ ಪುಸ್ತಕಗಳು ಬರೆಯುತ್ತವೆ. ನನಗೆ ಹಾಗನ್ನಿಸುವುದಿಲ್ಲ. ಅವರ ವಾದ ಸರಳ: ದೇವರು ಒಬ್ಬನೇ, ಅವನಿಗೆ ಮೂಲ ಇಲ್ಲ. ಮಗನಿಗೆ ಮೂಲ ಇದೆ. ಆದ್ದರಿಂದ ಮಗ ಇಲ್ಲದೆ ಇದ್ದ ಒಂದು ಹೊತ್ತು ಇತ್ತು. ಮಗ ಸೃಷ್ಟಿಯಲ್ಲೇ ಅತಿ ದೊಡ್ಡವನು, ಆದರೂ ಸೃಷ್ಟಿಯೇ. ಜ್ಞಾನೋಕ್ತಿ 8:22, ಕೊಲೊಸ್ಸೆ 1:15 ಅವರ ಆಧಾರ ವಚನಗಳು. ನಾವಿಕರು, ಗಿರಣಿಯವರು ಹಾಡಿಕೊಳ್ಳಲು ಪದಗಳನ್ನೂ ಕಟ್ಟಿದರಂತೆ.

ಸುಮಾರು ಮುನ್ನೂರು ಬಿಷಪರು ಸೇರಿದ್ದರು. ಸಂಪ್ರದಾಯದ ಲೆಕ್ಕ 318. ಬೈಬಲಿನ ಮಾತುಗಳಲ್ಲೇ ಬರೆಯೋಣ ಅಂದರೆ ಎರಡೂ ಪಕ್ಷ ಅದೇ ಮಾತಿಗೆ ಬೇರೆ ಬೇರೆ ಅರ್ಥ ಕೊಡುತ್ತಿತ್ತು. ಕೊನೆಗೆ ಬೈಬಲಿನಲ್ಲಿ ಇಲ್ಲದ ಒಂದು ಗ್ರೀಕ್ ಪದ ತಂದರು: ಹೋಮೊಊಸಿಯೋಸ್. ಮಗ ತಂದೆಯ ಜೊತೆ ಒಂದೇ ತತ್ವದವನು ಅಂತ. ಕೊನೆಯವರೆಗೂ ಸಹಿ ಹಾಕದೆ ಉಳಿದ ಬಿಷಪರು ಇಬ್ಬರೇ. ಕೂದಲೆಳೆಯಲ್ಲಿ ಗೆದ್ದ ವೋಟು ಅಂತ ಕೆಲವರು ಹೇಳುವ ಮಾತು ಇಲ್ಲಿಗೆ ಬಿತ್ತು.

ಆಮೇಲೆ ಇನ್ನೊಂದು ಪಂಗಡ ಹೋಮೊಯ್‌ಊಸಿಯೋಸ್ ಅಂದಿತು. ನಡುವೆ ಒಂದೇ ಒಂದು ಅಕ್ಷರ ಜಾಸ್ತಿ, ಗ್ರೀಕಿನ ಅತಿ ಚಿಕ್ಕ ಅಕ್ಷರ. ಅರ್ಥ "ತಂದೆಯ ಹಾಗಿರುವ ತತ್ವ". ಒಂದು ಅಕ್ಷರಕ್ಕೆ ಇಷ್ಟು ಗಲಾಟೆಯಾ ಅಂತ ನಗುವವರಿದ್ದಾರೆ. "ದೇವರು" ಮತ್ತು "ದೇವರ ಹಾಗೆ" ಎರಡೂ ಒಂದೇನಾ, ನೀವೇ ಹೇಳಿ.

ಕಾನ್‌ಸ್ಟಂಟೈನನ ವಿಷಯಕ್ಕೆ ಬಂದರೆ, ಅವನಿಗೆ ಬೇಕಿದ್ದದ್ದು ಜಗಳ ನಿಲ್ಲುವುದು. ಕೆಲವೇ ವರ್ಷದಲ್ಲಿ ಆರಿಯಸ್ ಕಡೆಗೆ ಮೆತ್ತಗಾದ. ಅಥನಾಸಿಯಸ್‌ರನ್ನು ದೂರದ ಟ್ರಿಯರ್‌ಗೆ ಗಡೀಪಾರು ಮಾಡಿದ. 337ರಲ್ಲಿ ಸಾಯುವ ಮುಂಚೆ ಅವನಿಗೆ ದೀಕ್ಷಾಸ್ನಾನ ಕೊಟ್ಟದ್ದು ಆರಿಯಸ್ ಪಕ್ಷದ ಬಿಷಪ್. ಅವನ ಮಗ ಕಾನ್‌ಸ್ಟಾಂಟಿಯಸ್ ಇನ್ನೂ ಜೋರಾಗಿ ನೈಸಿಯಾದ ವಿರುದ್ಧ ನಿಂತ. ಅಥನಾಸಿಯಸ್ ಒಟ್ಟು ಐದು ಸಲ ಗಡೀಪಾರಾದರು, ಸುಮಾರು 17 ವರ್ಷ ಊರಾಚೆ ಕಳೆದರು. ಅರಮನೆ ಹೇರಿದ ಬೋಧನೆ ಅನ್ನುವುದಾದರೆ ಅರಮನೆಯೇ ಅದರ ಬೆನ್ನು ಬಿದ್ದದ್ದು ಯಾಕೆ? 381ರಲ್ಲಿ, ಈಗ ಇಸ್ತಾಂಬುಲ್ ಅನ್ನುವ ಕಾನ್‌ಸ್ಟಾಂಟಿನೋಪಲ್‌ನಲ್ಲಿ ಸೇರಿದ ಸಮ್ಮೇಳನದ ಹೊತ್ತಿಗೆ ವಿಷಯ ಒಂದು ನೆಲೆಗೆ ಬಂತು. ಇವತ್ತು ಚರ್ಚುಗಳಲ್ಲಿ ಹೇಳುವ ನೈಸೀಯ ವಿಶ್ವಾಸ ಪ್ರಮಾಣ ಆ ರೂಪದ್ದು.

ಆ ದಿನಗಳ ಗಾಳಿ ಹೇಗಿತ್ತು ಅನ್ನುವುದಕ್ಕೆ ಆ ಕಾಲದ ಬಿಷಪ್ ನಿಸ್ಸದ ಗ್ರೆಗೊರಿ ಬರೆದ ಸಾಲುಗಳು ನನಗೆ ಬಲು ಇಷ್ಟ. ಕಾನ್‌ಸ್ಟಾಂಟಿನೋಪಲ್‌ನಲ್ಲಿ ಚಿಲ್ಲರೆ ಕೇಳಿದರೆ ಹುಟ್ಟಿದವನು, ಹುಟ್ಟದವನು ಅಂತ ತತ್ವ ಹೇಳುತ್ತಾರಂತೆ. ರೊಟ್ಟಿಗೆ ಎಷ್ಟು ಅಂದರೆ ತಂದೆ ದೊಡ್ಡವನು, ಮಗ ಚಿಕ್ಕವನು ಅನ್ನುತ್ತಾರಂತೆ. ಸ್ನಾನಕ್ಕೆ ನೀರು ಕಾದಿದೆಯಾ ಅಂದರೆ ಮಗ ಶೂನ್ಯದಿಂದ ಬಂದವನು ಅಂತ ಉತ್ತರವಂತೆ. ಬೆಂಗಳೂರಿನ ಆಟೋದಲ್ಲಿ ಕೂತು ಕ್ರಿಕೆಟ್ ಮಾತಾಡಿದ ಹಾಗೆ!

2025ಕ್ಕೆ ಆ ಸಮ್ಮೇಳನಕ್ಕೆ 1700 ವರ್ಷ ತುಂಬಿತು. ನವೆಂಬರಿನಲ್ಲಿ ಪೋಪ್ ಹದಿನಾಲ್ಕನೇ ಲಿಯೋ ಮತ್ತು ಕಾನ್‌ಸ್ಟಾಂಟಿನೋಪಲ್‌ನ ಪೇಟ್ರಿಯಾರ್ಕ್ (ಆರ್ಥೊಡಾಕ್ಸರ ಹಿರಿಯ ಬಿಷಪ್) ಬಾರ್ಥೊಲೊಮ್ಯು ಇಜ್ನಿಕ್ ಸರೋವರದ ದಡದಲ್ಲಿ ಒಟ್ಟಿಗೆ ನಿಂತು ಪ್ರಾರ್ಥಿಸಿದರು.

ಇದು ನಮ್ಮ ಅವತಾರದ ಹಾಗೇನಾ?

ಅರ್ಧ ಹೌದು. ಅವತಾರ ಅಂದರೆ ಕೆಳಗಿಳಿದು ಬರುವುದು. ವಿಶ್ವಾಸ ಪ್ರಮಾಣವೂ ಪರಲೋಕದಿಂದ ಇಳಿದು ಬಂದನು ಅನ್ನುತ್ತದೆ. ಕನ್ನಡ ಕ್ರೈಸ್ತರು ಮನುಷ್ಯಾವತಾರ ಅನ್ನುವ ಪದವನ್ನೂ ಬಳಸುತ್ತಾರೆ. ನಮ್ಮ ಭಾಷೆಯಲ್ಲಿ ಇದಕ್ಕಿಂತ ಹತ್ತಿರದ ಪದ ಸಿಗುವುದಿಲ್ಲ.

ವ್ಯತ್ಯಾಸ ಎಲ್ಲಿ ಅಂದರೆ, ಗೀತೆಯಲ್ಲಿ ಕೃಷ್ಣ ಯುಗಯುಗದಲ್ಲೂ ಬರುತ್ತೇನೆ ಅನ್ನುತ್ತಾನೆ. ಕ್ರೈಸ್ತರು ಹೇಳುವುದು ಒಂದೇ ಸಲ. ಇನ್ನೊಂದು ದೊಡ್ಡದು: ಕೆಲಸ ಮುಗಿದ ಮೇಲೆ ಬಿಟ್ಟು ಹೋದ ರೂಪ ಅದಲ್ಲ. ಸತ್ತು ಎದ್ದ ಮೇಲೂ ಯೇಸುವಿನ ಕೈಯಲ್ಲಿ ಮೊಳೆಯ ಗುರುತು ಇತ್ತು. ಶಿಷ್ಯರ ಮುಂದೆ ಸುಟ್ಟ ಮೀನಿನ ತುಂಡು ತಿಂದರು (ಲೂಕ 24). ಆ ದೇಹದ ಸಮೇತ ಮೇಲೆ ಹೋದರು. ಈಗಲೂ ಮನುಷ್ಯರೇ. ಪಾಠ ಮಾಡುವಾಗ ದೊಡ್ಡವರೂ ಇಲ್ಲಿ ಒಂದು ಕ್ಷಣ ಸುಮ್ಮನಾಗುತ್ತಾರೆ.

ದೇವರಾಗಿದ್ದವರಿಗೆ ಹಸಿವು, ನಿದ್ದೆ ಯಾಕೆ?

ಮಾರ್ಕ 4ನೇ ಅಧ್ಯಾಯದ ಕೊನೆಯ ಏಳು ವಾಕ್ಯ ಓದಿ. ಸಂಜೆ. ಇಡೀ ದಿನ ಮಾತಾಡಿ ದಣಿದ ಯೇಸು ದೋಣಿಯ ಹಿಂಭಾಗದಲ್ಲಿ ದಿಂಬಿನ ಮೇಲೆ ತಲೆಯಿಟ್ಟು ಮಲಗಿದ್ದಾರೆ. ಬಿರುಗಾಳಿ ಎದ್ದು ದೋಣಿಗೆ ನೀರು ನುಗ್ಗಿದರೂ ಎಚ್ಚರವಿಲ್ಲ. ಶಿಷ್ಯರು ಎಬ್ಬಿಸುತ್ತಾರೆ. ಎದ್ದವರೇ ಗಾಳಿಯನ್ನು ಗದರಿಸುತ್ತಾರೆ, ಸಮುದ್ರ ತಣ್ಣಗಾಗುತ್ತದೆ. ಶಿಷ್ಯರು ಬಿರುಗಾಳಿಗಿಂತ ಈಗ ಜಾಸ್ತಿ ಹೆದರುತ್ತಾರೆ: ಇವರು ಯಾರಿರಬಹುದು? ದಿಂಬು ಬೇಕಾದವರೂ ಅವರೇ, ಸಮುದ್ರ ಮಾತು ಕೇಳಿದ್ದೂ ಅವರದೇ. ನನಗೆ ಈ ಬೋಧನೆ ಅರ್ಥವಾದದ್ದು ಯಾವ ಸೂತ್ರದಿಂದಲೂ ಅಲ್ಲ, ಆ ದಿಂಬಿನಿಂದ.

ಯೇಸುವಿನ ಮೈ ಬರೀ ತೋರಿಕೆ ಅಂದವರು ಮೊದಲ ಶತಮಾನದಲ್ಲೇ ಇದ್ದರು. ಅಂತಿಯೋಕ್ಯದ ಬಿಷಪ್ ಇಗ್ನೇಷಿಯಸ್ 2ನೇ ಶತಮಾನದ ಆರಂಭದಲ್ಲಿ ಸಾವಿನ ಶಿಕ್ಷೆಗೆ ರೋಮಿಗೆ ಹೋಗುತ್ತಾ ಬರೆದ ಪತ್ರಗಳಲ್ಲಿ ಯೇಸುವನ್ನು "ನಮ್ಮ ದೇವರು" ಅನ್ನುತ್ತಾರೆ. ಅವೇ ಪತ್ರಗಳಲ್ಲಿ ಯೇಸು ನಿಜವಾಗಿ ಹುಟ್ಟಿದರು, ಉಂಡರು, ಕುಡಿದರು ಅಂತ ಒತ್ತಿ ಒತ್ತಿ ಹೇಳುತ್ತಾರೆ. ಮುಂದೆ ಅಪೊಲ್ಲಿನಾರಿಸ್ ಅನ್ನುವವರು ಮೈ ಮನುಷ್ಯರದ್ದು, ಮನಸ್ಸಿನ ಜಾಗದಲ್ಲಿ ಮಾತ್ರ ದೇವರ ವಾಕ್ಯ ಅಂದರು. ಅದಕ್ಕೆ ಇನ್ನೊಬ್ಬ ಗ್ರೆಗೊರಿ, ಅಂದರೆ ನಾಜಿಯಾನ್ಸಸ್‌ನ ಗ್ರೆಗೊರಿ ಕೊಟ್ಟ ಉತ್ತರ: ಯಾವುದನ್ನು ಅವನು ತೆಗೆದುಕೊಳ್ಳಲಿಲ್ಲವೋ ಅದು ವಾಸಿಯಾಗಲಿಲ್ಲ. ನಮ್ಮಲ್ಲಿ ಕೆಟ್ಟಿರುವುದು ಮನಸ್ಸೇ ಅಲ್ವಾ?

451ರ ಖಾಲ್ಕೆದೋನ್ ಸಮ್ಮೇಳನ ಇದನ್ನೆಲ್ಲ ಒಂದು ಕಡೆ ತಂದಿತು. ಒಬ್ಬರೇ ಕ್ರಿಸ್ತ, ಎರಡು ಸ್ವಭಾವ. ಕಲಸಿಹೋಗದೆ, ಬದಲಾಗದೆ, ತುಂಡಾಗದೆ, ಬೇರೆಯಾಗದೆ. ಹೇಗೆ ಅಂತ ಹೇಳಲಿಲ್ಲ, ಹೇಗಲ್ಲ ಅಂತ ನಾಲ್ಕು ಬೇಲಿ ಹಾಕಿ ಬಿಟ್ಟಿತು. ಅದು ಜಾಣತನ ಅಂತ ನನ್ನ ಅನಿಸಿಕೆ.

ತ್ರಿತ್ವ ವಿವರಿಸಲು ನೀರು, ಮಂಜುಗಡ್ಡೆ, ಆವಿ ಉದಾಹರಣೆ ಕೊಡಬಹುದಾ?

ದಯವಿಟ್ಟು ಬೇಡ. ಒಂದೇ ನೀರು ಮೂರು ಸಲ ಮೂರು ರೂಪ ಆಗುತ್ತದೆ. ಒಬ್ಬನೇ ದೇವರು ಒಮ್ಮೆ ತಂದೆ, ಒಮ್ಮೆ ಮಗ, ಒಮ್ಮೆ ಆತ್ಮ ಆಗುತ್ತಾನೆ ಅನ್ನುವುದು ಸಬೆಲ್ಲಿಯಸ್ ಹೆಸರಿನಲ್ಲಿ 3ನೇ ಶತಮಾನದಲ್ಲೇ ತಿರಸ್ಕಾರವಾದ ಬೋಧನೆ. ಗೆತ್ಸೇಮನೆಯ ಪ್ರಶ್ನೆಗೆ ಅದರಲ್ಲಿ ಉತ್ತರವೇ ಇಲ್ಲ.

ಶಿಲುಬೆಯ ಮೇಲೆ ದೇವರು ಸತ್ತರಾ? ಹಾಗಾದರೆ ಆ ಮೂರು ದಿನ ಜಗತ್ತನ್ನು ನಡೆಸಿದ್ದು ಯಾರು?

ದೈವಸ್ವಭಾವಕ್ಕೆ ಸಾವಿಲ್ಲ. ಸತ್ತದ್ದು ಮನುಷ್ಯ ಸ್ವಭಾವದಲ್ಲಿ. ಆದರೆ ಸ್ವಭಾವಗಳು ತಾವಾಗಿ ಸಾಯುವುದಿಲ್ಲ, ಯಾರೋ ಒಬ್ಬರು ಸಾಯುತ್ತಾರೆ. ಆ ಒಬ್ಬರು ದೇವರ ಮಗ. ಹಾಗಾಗಿ "ತ್ರಿತ್ವದಲ್ಲಿ ಒಬ್ಬನು ಶರೀರದಲ್ಲಿ ಶಿಲುಬೆಗೇರಿದನು" ಅನ್ನುವ ಮಾತನ್ನು 553ರ ಸಮ್ಮೇಳನ ಒಪ್ಪಿಕೊಂಡಿತು. ಸಾವು ಅಂದರೆ ಇಲ್ಲವಾಗುವುದು ಅಂತ ಬಹುಪಾಲು ಕ್ರೈಸ್ತರು ಯಾರ ವಿಷಯದಲ್ಲೂ ನಂಬುವುದಿಲ್ಲ. ಆದ್ದರಿಂದ ಆ ಮೂರು ದಿನ ಜಗತ್ತು ಅನಾಥ ಆಗಿರಲಿಲ್ಲ.

ಮರಿಯಮ್ಮನವರನ್ನು ದೇವಮಾತೆ ಅನ್ನುವುದು ಯಾಕೆ? ದೇವರಿಗೆ ತಾಯಿಯಾ?

ಈ ಪದ ಮೂಲದಲ್ಲಿ ಮರಿಯಮ್ಮನವರ ಬಗ್ಗೆ ಅಲ್ಲ, ಯೇಸುವಿನ ಬಗ್ಗೆ. 5ನೇ ಶತಮಾನದಲ್ಲಿ ನೆಸ್ತೋರಿಯಸ್ ಅನ್ನುವ ಬಿಷಪ್ "ಕ್ರಿಸ್ತನ ತಾಯಿ" ಅಂದರೆ ಸಾಕು ಅಂದರು. ಅದಕ್ಕೆ ಬಂದ ಉತ್ತರ: ತಾಯಿ ಹೆರುವುದು ಸ್ವಭಾವವನ್ನಲ್ಲ, ಒಬ್ಬ ವ್ಯಕ್ತಿಯನ್ನು. ಆ ವ್ಯಕ್ತಿ ದೇವರಾದರೆ ಅವಳು ದೇವಮಾತೆ. 431ರಲ್ಲಿ ಎಫೆಸದ ಸಮ್ಮೇಳನ ಹೀಗೆ ತೀರ್ಮಾನಿಸಿತು. ದೈವತ್ವ ಮರಿಯಮ್ಮನವರಿಂದ ಶುರುವಾಯಿತು ಅಂತ ಕಥೋಲಿಕರೂ ಹೇಳುವುದಿಲ್ಲ. ಜಪಸರ ಹಿಡಿಯದ ಪ್ರಾಟೆಸ್ಟೆಂಟರು ಈ ಪದವನ್ನು ಬಾಯಲ್ಲಿ ಹೇಳುವುದು ಕಡಿಮೆ, ಅದರ ಹಿಂದಿನ ಅರ್ಥವನ್ನು ಒಪ್ಪುತ್ತಾರೆ.

ಎಲ್ಲ ಸಭೆಗಳೂ ಇದನ್ನು ಒಪ್ಪುತ್ತವಾ?

ನೈಸಿಯಾವನ್ನು ಕಥೋಲಿಕರು, ಆರ್ಥೊಡಾಕ್ಸರು, ಸಿಎಸ್‌ಐ (ದಕ್ಷಿಣ ಭಾರತ ಸಭೆ), ಮೆಥೋಡಿಸ್ಟರು, ಬಹುಪಾಲು ಪೆಂಟೆಕೋಸ್ಟಲರು ಎಲ್ಲರೂ ಒಪ್ಪುತ್ತಾರೆ. ಖಾಲ್ಕೆದೋನ್ ವಿಷಯ ಹಾಗಲ್ಲ. ಈಜಿಪ್ಟಿನ ಕಾಪ್ಟಿಕ್ ಸಭೆ, ಸಿರಿಯನ್ ಆರ್ಥೊಡಾಕ್ಸ್, ಕೇರಳದ ಮಲಂಕರ ಆರ್ಥೊಡಾಕ್ಸ್ ಸಭೆ ಅದನ್ನು ಒಪ್ಪಲಿಲ್ಲ. ಅವರು ದೈವ ಮಾನವ ಎರಡೂ ಕೂಡಿದ ಒಂದೇ ಸ್ವಭಾವ ಅನ್ನುತ್ತಾರೆ. ಇದು ದೂರದ ಜಗಳ ಅಂದುಕೊಳ್ಳಬೇಡಿ. ಉಡುಪಿ ಜಿಲ್ಲೆಯ ಬ್ರಹ್ಮಾವರದಲ್ಲಿ ಕೊಂಕಣಿ ಮಾತಾಡುವ ಆರ್ಥೊಡಾಕ್ಸ್ ಸಿರಿಯನ್ ಕ್ರೈಸ್ತರಿದ್ದಾರೆ. 19ನೇ ಶತಮಾನದ ಕೊನೆಗೆ ಅಲ್ವಾರಿಸ್ ಮಾರ್ ಜೂಲಿಯಸ್ ಅನ್ನುವ ಬಿಷಪರ ಕಾಲದಲ್ಲಿ ಕಥೋಲಿಕ ಸಭೆಯಿಂದ ಆ ಕಡೆಗೆ ಹೋದವರು. ಪಕ್ಕದ ಬೀದಿಯ ಕಥೋಲಿಕರದ್ದು ಖಾಲ್ಕೆದೋನ್ ಒಪ್ಪಿದ ಸಭೆ, ಇವರದ್ದು ಒಪ್ಪದ ಸಭೆ. ಎರಡೂ ಕಡೆ ಒಂದೇ ಯೇಸುವಿಗೆ ಪ್ರಾರ್ಥನೆ. 1973ರಲ್ಲಿ ಪೋಪ್ ಆರನೇ ಪೌಲ್ ಮತ್ತು ಕಾಪ್ಟಿಕ್ ಪೋಪ್ ಮೂರನೇ ಶೆನೂಡಾ ಒಟ್ಟಿಗೆ ಸಹಿ ಹಾಕಿದ ಹೇಳಿಕೆ ಓದಿದರೆ, ಸಾವಿರದೈನೂರು ವರ್ಷದ ಮುನಿಸಿನಲ್ಲಿ ಬಹುಪಾಲು ಪದಗಳ ಮುನಿಸು ಅನ್ನಿಸುತ್ತದೆ.

ಒಪ್ಪದವರೂ ಇದ್ದಾರೆ. ಯೆಹೋವನ ಸಾಕ್ಷಿಗಳು ಯೇಸು ದೇವರ ಮೊದಲ ಸೃಷ್ಟಿ ಅನ್ನುತ್ತಾರೆ, ಆರಿಯಸ್‌ಗೆ ಹತ್ತಿರ. ಪೆಂಟೆಕೋಸ್ಟಲರಲ್ಲೇ ಒಂದು ಪಂಗಡ ಯೇಸುವಿನ ಹೆಸರಿನಲ್ಲಿ ಮಾತ್ರ ದೀಕ್ಷಾಸ್ನಾನ ಕೊಡುತ್ತದೆ. ಅವರು ಯೇಸು ದೇವರು ಅನ್ನುತ್ತಾರೆ, ತ್ರಿತ್ವ ಮಾತ್ರ ಬೇಡ ಅನ್ನುತ್ತಾರೆ. ಮುಸ್ಲಿಮರಿಗೆ ಈಸಾ ಕನ್ಯೆಯಿಂದ ಹುಟ್ಟಿದ ಗೌರವದ ಪ್ರವಾದಿ, ದೇವರಲ್ಲ. ಈ ವ್ಯತ್ಯಾಸವನ್ನು ಇಲ್ಲ ಅನ್ನುವುದರಿಂದ ಯಾರಿಗೂ ಉಪಯೋಗವಿಲ್ಲ, ಅದಕ್ಕಾಗಿ ಚಹಾ ಬಿಡುವುದರಿಂದಲೂ ಇಲ್ಲ.

ಯೇಸುವನ್ನು "ಆತನು" ಅನ್ನಬೇಕಾ, "ಅವರು" ಅನ್ನಬೇಕಾ?

ಹಳೆಯ ಕನ್ನಡ ಬೈಬಲಿನಲ್ಲಿ ಬೆಳೆದ ಪ್ರಾಟೆಸ್ಟೆಂಟರು "ಆತನು" ಅನ್ನುತ್ತಾರೆ. ಕಥೋಲಿಕರು "ಯೇಸುಸ್ವಾಮಿಯವರು" ಅನ್ನುತ್ತಾರೆ. ಇಲ್ಲಿ ನಾನು ನನ್ನ ಮಾತಿನಲ್ಲಿ ಬಹುವಚನ ಇಟ್ಟಿದ್ದೇನೆ, ಬೈಬಲಿನ ಅಥವಾ ಪ್ರಮಾಣದ ಮಾತು ಬಂದಲ್ಲಿ ಏಕವಚನ. ಪ್ರಾರ್ಥನೆಯಲ್ಲಿ ಮಾತ್ರ ಬಹಳ ಜನ ಬಳಸುವುದು "ನೀನು". ದೇವರನ್ನು ನೀನು ಅನ್ನುವುದು ವಚನಕಾರರು, ದಾಸರು ಬಳಸಿದ ಸಲಿಗೆಯೇ.

ಒಳ್ಳೆಯ ಗುರು ಅಂದರೆ ಸಾಕಲ್ವಾ? ಇಷ್ಟೆಲ್ಲ ತಲೆ ಕೆಡಿಸಿಕೊಳ್ಳುವುದು ಯಾಕೆ?

ಗುರು ಅಂದರೆ ಯಾರೂ ಬೇಡ ಅನ್ನುವುದಿಲ್ಲ. ಬೆಟ್ಟದ ಮೇಲಿನ ಪ್ರಸಂಗ ಓದಿ ಬದಲಾದ ಕ್ರೈಸ್ತರಲ್ಲದವರು ಎಷ್ಟೋ ಜನ, ಗಾಂಧೀಜಿ ಅದನ್ನು ತುಂಬ ಮೆಚ್ಚಿದ್ದರು. ಕ್ರೈಸ್ತರ ತೊಂದರೆ ಬೇರೆ. ಅವರು ಗುರುವಿನ ಪಾಠ ಕೇಳಿ ಮನೆಗೆ ಹೋಗುವುದಿಲ್ಲ, ಅವರ ಮುಂದೆ ಮೊಣಕಾಲೂರುತ್ತಾರೆ. ಅಥನಾಸಿಯಸ್ ಆರಿಯಸ್ ಪಕ್ಷದವರಿಗೆ ಇದನ್ನೇ ಹಿಡಿದು ಕೇಳಿದರು. ಮಗ ಸೃಷ್ಟಿ ಅನ್ನುತ್ತೀರಿ, ಆದರೂ ಪೂಜಿಸುತ್ತೀರಿ. ಸೃಷ್ಟಿಯನ್ನು ಪೂಜಿಸಬಾರದು ಅಂತ ಬೇರೆಯವರಿಗೆ ಬೋಧಿಸುವವರೂ ನೀವೇ. ಒಂದೋ ಮೊಣಕಾಲು ಎತ್ತಿ, ಇಲ್ಲ ಮಾತು ಬದಲಿಸಿ.

ಬಿಡುಗಡೆಯ ವಿಷಯವೂ ಅಷ್ಟೇ. ಮುಳುಗುತ್ತಿರುವವನನ್ನು ಜೊತೆಯಲ್ಲೇ ಮುಳುಗುತ್ತಿರುವ ಇನ್ನೊಬ್ಬ ಎತ್ತಲಾರ. ಎತ್ತುವವರು ದಡದ ಮೇಲೆ ನಿಂತು ಸಲಹೆ ಕೊಟ್ಟರೂ ಆಗುವುದಿಲ್ಲ, ನೀರಿಗೆ ಇಳಿಯಬೇಕು. ಇಳಿದದ್ದು ಮನುಷ್ಯತನ, ಎತ್ತಿದ್ದು ದೈವತ್ವ. ಎರಡರಲ್ಲಿ ಒಂದು ಬಿಟ್ಟರೂ ಕೆಲಸ ಕೆಡುತ್ತದೆ ಅನ್ನುವುದು ಈ ಬೋಧನೆ.

ಓದಿ ನೋಡಬೇಕು ಅಂದರೆ ಎಲ್ಲಿಂದ ಶುರು ಮಾಡಲಿ?

ಎಲ್ಲರೂ ಯೋಹಾನ ಅನ್ನುತ್ತಾರೆ. ನಾನು ಮಾರ್ಕ ಅನ್ನುತ್ತೇನೆ. ಹದಿನಾರೇ ಅಧ್ಯಾಯ, ನಾಲ್ಕರಲ್ಲೂ ಚಿಕ್ಕದು. ಒಂದು ಮಧ್ಯಾಹ್ನ ಫೋನು ಬದಿಗಿಟ್ಟು ಕೂತರೆ ಮುಗಿಯುತ್ತದೆ. ಓದುವಾಗ ಒಂದು ಚೀಟಿ ಇಟ್ಟುಕೊಂಡು, ಯೇಸುವನ್ನು ಯಾರು ಯಾರು ಏನೇನು ಅನ್ನುತ್ತಾರೆ ಅಂತ ಬರೆಯುತ್ತಾ ಹೋಗಿ. "ದೇವರ ಮಗ" ಅಂತ ಪುಸ್ತಕ ಬರೆದವನು ಮೊದಲ ಸಾಲಿನಲ್ಲಿ ಅನ್ನುತ್ತಾನೆ. ಪರಲೋಕದ ಧ್ವನಿ "ನನ್ನ ಮಗ" ಅನ್ನುತ್ತದೆ, ದೆವ್ವಗಳು ಕಿರಿಚುತ್ತವೆ. ಶಿಷ್ಯರ ಬಾಯಲ್ಲಿ ಆ ಮಾತು ಬರುವುದೇ ಇಲ್ಲ. ಕಥೆಯೊಳಗೆ ಒಬ್ಬ ಮನುಷ್ಯ ಅದನ್ನು ನಂಬಿ ಹೇಳುವುದು 15ನೇ ಅಧ್ಯಾಯದ 39ನೇ ವಾಕ್ಯದಲ್ಲಿ. ಅವನು ಯೆಹೂದ್ಯನಲ್ಲ, ಶಿಷ್ಯನೂ ಅಲ್ಲ. ಶಿಲುಬೆಯ ಕಾವಲಿಗೆ ನಿಂತಿದ್ದ ರೋಮನ್ ಶತಾಧಿಪತಿ. ಹೇಳಿದ್ದು ಯೇಸು ಸತ್ತ ರೀತಿ ನೋಡಿ.